ಎಳ್ಳೆತ್ತುವ ಬ್ರಹ್ಮಾಸ್ತ್ರ

ಟಿವಿಯಲ್ಲಿ ಪಾಸಿಟ್ರೋನಿಯಂ ಎಂಬ ಹೆಸರು ಕೇಳಿಬಂತೆಂದರೆ ಹಿಂದೆಯೇ ಬೆಂಕಿಯುಂಡೆ, ಢಣ್ ಢಣ್ ಸಂಗೀತ, ಕೆಳಗೆ ‘ಗಾಮಾ ಲೇಸರ್ ಅಸ್ತ್ರ ರೆಡಿ!’ ಎಂಬ ಕೆಂಪು ಪಟ್ಟಿ. ಸದ್ಯಕ್ಕೆ ರೆಡಿಯಿರುವುದು ಪಟ್ಟಿ.

ಈ ಅಸ್ತ್ರದ ಸಾಮಗ್ರಿಯಾದ ಪಾಸಿಟ್ರೋನಿಯಂ ಪರಮಾಣು ಅಂದರೆ ಒಂದು ಎಲೆಕ್ಟ್ರಾನು, ಅದರ ಧನ ವಿದ್ಯುತ್ತಿನ ಪ್ರತಿರೂಪವಾದ ಒಂದು ಪಾಸಿಟ್ರಾನು. ಎರಡೂ ಸೇರಿ ಬೇಗನೆ ಅಳಿದು ಗಾಮಾ ಕಿರಣವಾಗುತ್ತವೆ. ಎರಡರ ಸ್ಪಿನ್ (ಕಣದ ಸಹಜ ತಿರುಗುಗುಣ) ಎದುರುಬದುರಾದರೆ ಅದು ಪ್ಯಾರಾ, ಸರಾಸರಿ ಆಯಸ್ಸು 0.125 ನ್ಯಾನೋಸೆಕೆಂಡು. ಒಂದೇ ದಿಕ್ಕಿಗಿದ್ದರೆ ಆರ್ಥೋ, ದೀರ್ಘಾಯುಷಿ: 142 ನ್ಯಾನೋಸೆಕೆಂಡು! ಆಂಕರ್ ‘ಬ್ರೇ’ ಅನ್ನುವಷ್ಟರಲ್ಲಿ ಸೈನ್ಯವೆಲ್ಲ ಕೈಲಾಸ ಸೇರಿರುತ್ತದೆ. ‘ಕಿಂಗ್’ ಏನಿದ್ದರೂ ತಿಥಿಯೂಟಕ್ಕೆ.

ಚಾನೆಲ್ಲುಗಳಿಗೆ ಪ್ರಿಯವಾದ ಪದ ‘ಡಿಕ್ಕಿ’. ಪರಮಾಣುಗಳು ಡಿಕ್ಕಿ ಹೊಡೆದವು, ಢಮಾರ್! ಲೆಕ್ಕ ಹಾಕುವವರ ತಲೆನೋವೇ ಬೇರೆ. ಈ ಪರಮಾಣುವಿನಲ್ಲಿ ಧನ, ಋಣ ಎರಡರ ತೂಕವೂ ಒಂದೇ, ಹರಡಿಕೊಂಡಿರುವ ರೀತಿಯೂ ಒಂದೇ. ಹಾಗಾಗಿ ಎರಡು ಪರಮಾಣುಗಳ ನಡುವಿನ ನೇರ ವಿದ್ಯುತ್ ಬಲವನ್ನು ಮೊದಲ ಸುತ್ತಿನಲ್ಲಿ ಕೂಡಿದರೆ ಉತ್ತರ ಸೊನ್ನೆ. ಎಲೆಕ್ಟ್ರಾನು ಎಲೆಕ್ಟ್ರಾನಿನ ಜೊತೆ, ಪಾಸಿಟ್ರಾನು ಪಾಸಿಟ್ರಾನಿನ ಜೊತೆ ಜಾಗ ಬದಲಿಸಿಕೊಳ್ಳುವುದನ್ನೂ, ಎರಡೂ ಪರಮಾಣುಗಳು ಸೊಟ್ಟಗಾಗುವುದನ್ನೂ ಸೇರಿಸಿದರೆ ಮಾತ್ರ ಕಥೆ ಶುರು. ಸೇರಿಸಿದ ಮೇಲೆ ಬಂದ ಫಲಿತಾಂಶ: ಎಲ್ಲ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಚದುರಿಕೆಯ ಉದ್ದ (ನಿಧಾನದ ಡಿಕ್ಕಿಯಲ್ಲಿ ಒಂದರ ಪ್ರಭಾವ ಇನ್ನೊಂದಕ್ಕೆ ಎಷ್ಟು ತಟ್ಟುತ್ತದೆಂಬ ಅಳತೆ) ಸುಮಾರು 3 ಬೋರ್ ತ್ರಿಜ್ಯ (ಹೈಡ್ರೋಜನ್ ಪರಮಾಣುವಿನ ಗಾತ್ರದ ಅಳತೆಗೋಲು), ಚಿಹ್ನೆ ಧನ. ಅಂದರೆ ನಿಧಾನವಾಗಿ ಬಂದ ಎರಡು ಪರಮಾಣುಗಳು ‘ಸಾರಿ ಸಾರ್’ ಎಂದು ಹಿಂದೆ ಸರಿಯುತ್ತವೆ. ಢಮಾರ್ ಎಲ್ಲಿ?

ಸ್ಪಿನ್ ಬೆರಕೆಯಾದರೆ ಇನ್ನೂ ಕಷ್ಟ. ಎದುರು ದಿಕ್ಕಿನ ಎರಡು ಆರ್ಥೋಗಳು ತಾಗಿದಾಗ ಸ್ಪಿನ್ ಅದಲುಬದಲಾಗಿ ಎರಡೂ ಪ್ಯಾರಾ ಆಗಿ, ಲೇಸರಿಗೆಂದು ಕೂಡಿಟ್ಟ ಸರಕು ಗೋದಾಮಿನಲ್ಲೇ ಖಾಲಿ. ಲೇಸರಿಗೆ ಮೊದಲು ಬೋಸ್ ಸಾಂದ್ರಣ, ಅಂದರೆ ಪರಮಾಣುಗಳೆಲ್ಲ ಒಂದೇ ಸ್ಥಿತಿಗಿಳಿದು ಒಂದಾಗಿ ವರ್ತಿಸುವುದು, ಬೇಕು. ಅದಕ್ಕೆ ಘನ ಸೆಂಟಿಮೀಟರಿಗೆ ಹತ್ತು ಸಾವಿರ ಕೋಟಿ ಕೋಟಿ, ಅಂದರೆ 1ರ ಮುಂದೆ 18 ಸೊನ್ನೆಯಷ್ಟು ಪರಮಾಣು, ಸುಮಾರು 15 ಕೆಲ್ವಿನ್ ಚಳಿ. ಅಷ್ಟು ಒತ್ತೊತ್ತಾಗಿ ತುಂಬಿದರೆ ತಾಗದೆ ಇರುತ್ತವೆಯೇ?

ಹೋಗಲಿ, ಒಂದು ಕೋಟಿ ಪಾಸಿಟ್ರೋನಿಯಂ ಒಟ್ಟಿಗೇ ಅಳಿದವು ಅನ್ನಿ. ಒಂದೊಂದಕ್ಕೆ 1.022 ಮೆಗಾ ಎಲೆಕ್ಟ್ರಾನ್ ವೋಲ್ಟ್, ಒಟ್ಟು 1.6 ಮೈಕ್ರೋಜೂಲ್. ಮೂರು ಮಿಲಿಗ್ರಾಂ ತೂಗುವ ಒಂದು ಎಳ್ಳುಕಾಳನ್ನು ಐದು ಸೆಂಟಿಮೀಟರ್ ಎತ್ತಬಹುದು. ಅದೂ ಗಾಮಾ ಕಿರಣಗಳು ಎಳ್ಳನ್ನು ತೂರಿಕೊಂಡು ಹೋಗದೆ ನಿಂತು ಕೈಜೋಡಿಸಿದರೆ. ಎಳ್ಳು ವಾಪಸು ಮೇಜಿಗೆ ಬೀಳುವ ದೃಶ್ಯಕ್ಕೆ ಯಾವ ಸಂಗೀತ ಹಾಕುತ್ತಾರೋ ನೋಡಬೇಕು.