21 ಮಿಲಿಮೀಟರ್

ತಂಗಿಯ ಹೊಟ್ಟೆಯಲ್ಲಿ ಅವಳಿ ಇವೆ ಅಂತ ಗೊತ್ತಾದ ದಿನ ಅಮ್ಮ ಮೊದಲು ಕೇಳಿದ್ದು, "ಜೋಡಿ ಬಾಳೆಹಣ್ಣು ತಿಂದಿದ್ಯೇನೆ?" ಮನೆಯೆಲ್ಲ ನಗು. 22ನೇ ವಾರದ ಸ್ಕ್ಯಾನ್‌ವರೆಗೂ ಅದೇ ಗೆಲುವು.

ಅವತ್ತು ಡಾಕ್ಟರ್ ಒಳಗಿನಿಂದ ಸ್ಕ್ಯಾನ್ ಮಾಡಿ ಗರ್ಭಕೋಶದ ಕತ್ತಿನ ಉದ್ದ ಅಳೆದರು. 21 ಮಿಲಿಮೀಟರ್. ಆ ಹೊತ್ತಿಗೆ 25ಕ್ಕಿಂತ ಕಡಿಮೆ ಇದ್ದರೆ ಹೆರಿಗೆ ತೀರಾ ಮುಂಚೆ ಆಗುವ ಭಯ ಜಾಸ್ತಿ. ಅವಳಿಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮುಂಚೆಯೇ ಹುಟ್ಟುತ್ತವೆ. ಎಷ್ಟು ಮುಂಚೆ ಅನ್ನೋದೇ ಪ್ರಶ್ನೆ. 36ಕ್ಕೂ 28ಕ್ಕೂ ಅಜಗಜಾಂತರ. ಕತ್ತು ಗಿಡ್ಡ ಇದ್ದೂ 36 ದಾಟಿದವರಿದ್ದಾರೆ, ಉದ್ದ ಇದ್ದೂ ಬೇಗ ಹೆತ್ತವರಿದ್ದಾರೆ.

ಜಗಳ ಶುರುವಾಗಿದ್ದು ಮನೆಗೆ ಬಂದ ಮೇಲೆ. "ಅಳೆದು ಏನು ಮಾಡಿದ್ರು? ಆ ಕತ್ತು ಬಿಗಿಯೋಕೆ ಹೊಲಿಗೆ ಹಾಕ್ಲಿಲ್ವಾ?" ಅಂತ ಭಾವನ ಕಡೆಯವರು. ಪಕ್ಕದ ಮನೆಯ ಹುಡುಗಿಗೆ ಹಾಕಿದ್ದರಂತೆ. ಅವಳ ಹೊಟ್ಟೆಯಲ್ಲಿ ಇದ್ದದ್ದು ಒಂದೇ ಮಗು ಸ್ವಾಮಿ! ಅವಳಿಯ ಲೆಕ್ಕ ಬೇರೆ. ಕತ್ತು ಗಿಡ್ಡ ಅಂತ ಮಾತ್ರಕ್ಕೆ ಹೊಲಿಗೆ ಹಾಕಿದ ಅವಳಿ ತಾಯಂದಿರಲ್ಲಿ ಬೇಗ ಹೆರಿಗೆಯಾದದ್ದೇ ಹೆಚ್ಚು ಅಂತ 2005ರ ಒಂದು ವಿಶ್ಲೇಷಣೆ ಹೇಳಿತ್ತು, ಅದರಲ್ಲಿದ್ದ ತಾಯಂದಿರ ಸಂಖ್ಯೆ ಚಿಕ್ಕದಾದರೂ. ಗರ್ಭಕೋಶದ ಬಾಯಿ ತೆರೆದೇಬಿಟ್ಟಿದ್ದರೆ ಮಾತು ಬೇರೆ, ಆಗ ಹೊಲಿಗೆ ಉಳಿಸಬಹುದು. ವಾರಕ್ಕೊಂದು ಹಾರ್ಮೋನ್ ಇಂಜೆಕ್ಷನ್ ಅವಳಿ ಬಸಿರಿಗೆ ಉಪಯೋಗವಿಲ್ಲ ಅಂತ 2007ರಲ್ಲೇ ಗೊತ್ತಾಗಿದೆ. ಹಾಸಿಗೆ ಬಿಟ್ಟು ಏಳಬೇಡ ಅನ್ನೋ ಬೆಡ್ ರೆಸ್ಟೂ ಅಷ್ಟೇ, ಮೇಲಿಂದ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಡಾಕ್ಟರ್ ಯೋನಿಯೊಳಗೆ ಇಡುವ ಪ್ರೊಜೆಸ್ಟರಾನ್ (ಬಸಿರು ಕಾಯುವ ಹಾರ್ಮೋನ್) ಮಾತ್ರೆ ಕೊಟ್ಟರು, ಒಂದು ಮಾತೂ ಹೇಳಿದರು: "ಏಳರಲ್ಲಿ ತವರಿಗೆ ಕಳಿಸಬೇಡಿ."

ಎಲ್ಲರಿಗೂ ಸಿಟ್ಟು ಬಂದದ್ದು ಈ ಮಾತಿಗೆ. ನನ್ನ ಪ್ರಕಾರ ಆ 21ರ ನಿಜವಾದ ಔಷಧಿ ಅದೇ. ನಮ್ಮೂರಿಂದ ಹಸುಗೂಸುಗಳ ಐಸಿಯು ಇರುವ ಆಸ್ಪತ್ರೆಗೆ ಎರಡೂವರೆ ಗಂಟೆ ದಾರಿ, ಅದೂ ಮಳೆ ಇಲ್ಲದಿದ್ದರೆ.

ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಇದೆಯಲ್ಲ, 1972ರಿಂದ ಗೊತ್ತಿರುವ ಅಗ್ಗದ ಮದ್ದು. ಅದನ್ನು ಸ್ಕ್ಯಾನ್ ದಿನವೇ ಚುಚ್ಚಿ ಕೂರುವ ಹಾಗಿಲ್ಲ. ಹೆರಿಗೆ ಹತ್ತಿರವಾದಾಗ ಕೊಡಬೇಕು, ಡೆಕ್ಸಾಮೆಥಸೋನ್ ಆದರೆ 12 ಗಂಟೆಗೊಂದರಂತೆ ನಾಲ್ಕು. ಬೆಳಗಾವಿಯ ತಾಯಂದಿರೂ ಪಾಲ್ಗೊಂಡ ಎರಡು ದೊಡ್ಡ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2015ರಲ್ಲಿ ವರದಿಯಾದದ್ದರಲ್ಲಿ ಹಳ್ಳಿ ಮಟ್ಟದಲ್ಲೂ ಈ ಇಂಜೆಕ್ಷನ್ ಕೊಡಿಸಿದರು. ವಾರಗಳ ಲೆಕ್ಕ ಪಕ್ಕಾ ಇರಲಿಲ್ಲ. ತೀರಾ ಚಿಕ್ಕ ಮಕ್ಕಳಲ್ಲಿ ಸಾವು ಇಳಿಯಲಿಲ್ಲ, ಒಟ್ಟಾರೆ ಶಿಶುಮರಣ ಏರಿತು. 2020ರದ್ದರಲ್ಲಿ ಸ್ಕ್ಯಾನ್ ಲೆಕ್ಕ ಇಟ್ಟು, ಮಕ್ಕಳ ಆರೈಕೆ ಇರುವ ಆಸ್ಪತ್ರೆಗಳಲ್ಲೇ ಕೊಟ್ಟರು. ಹೆಚ್ಚು ಮಕ್ಕಳು ಉಳಿದವು. ಮದ್ದು ಅದೇ, ಜಾಗ ಬೇರೆ.

ಸೀಮಂತ ಆ ಆಸ್ಪತ್ರೆ ಇರುವ ಪೇಟೆಯ ಎರಡು ರೂಮಿನ ಬಾಡಿಗೆ ಮನೆಯಲ್ಲೇ ಆಯಿತು. ಅಮ್ಮ ಮುನಿಸಿಕೊಂಡೇ ಬಂದು ಅಡುಗೆಮನೆ ಹಿಡಿದರು. 31ನೇ ವಾರ ರಾತ್ರಿ ನೋವು ಶುರು. ಆಟೋದಲ್ಲಿ ಹತ್ತು ನಿಮಿಷ. ನಾಲ್ಕೂ ಇಂಜೆಕ್ಷನ್ ಮುಗಿಯುವಷ್ಟು ಹೊತ್ತು ಸಿಕ್ಕಿತು. ಹೆಣ್ಣು 1.5 ಕೆಜಿ, ಗಂಡು 1.3.

"ಏಳರಲ್ಲಿ ಹುಟ್ಟಿದ್ದು ಬದುಕುತ್ತೆ, ಎಂಟರಲ್ಲಿ ಹುಟ್ಟಿದ್ದು ಬದುಕಲ್ಲ ಅಂತಾರಲ್ಲೇ" ಅಂತ ಐಸಿಯು ಬಾಗಿಲಲ್ಲಿ ಅಮ್ಮ ಅತ್ತರು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಲಾಭವೇ ಅಂತ ನರ್ಸಮ್ಮ ಕೂರಿಸಿಕೊಂಡು ಹೇಳಿದರು. ಅಮ್ಮ ಎಷ್ಟು ನಂಬಿದರೋ ಗೊತ್ತಿಲ್ಲ. ಐದು ವಾರ ಆದಮೇಲೆ ಎರಡನ್ನೂ ಮನೆಗೆ ತಂದೆವು. ಅಮ್ಮ ಇವತ್ತಿಗೂ ಜೋಡಿ ಬಾಳೆಹಣ್ಣು ಕಂಡರೆ ತೆಗೆದು ಪಕ್ಕಕ್ಕಿಡುತ್ತಾರೆ.