ಕಥೆಯನ್ನು "ಮುಗಿಸೋದು" ಅಂದರೇನು?

ನಿನ್ನೆ ಸಂಜೆ ಮೆಟ್ರೋದಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗ ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದ. ಮಗ ಮನೆ ಬಿಟ್ಟು ಹೊರಟಿದ್ದಾನೆ, ತಾಯಿ ಬಾಗಿಲಲ್ಲಿ ನಿಂತು ಅಳುತ್ತಿದ್ದಾಳೆ. ಆದರೆ ಇಬ್ಬರೂ ಟಕಟಕ ಅಂತ ಓಡಾಡುತ್ತಿದ್ದರು. ಸರಿಯಾಗಿ ನೋಡಿದರೆ ಒಂದೂವರೆ ಪಟ್ಟು ಸ್ಪೀಡ್ ಇಟ್ಟಿದ್ದಾನೆ! "ಯಾಕಪ್ಪಾ ಹೀಗೆ?" ಅಂತ ಕೇಳಿಯೇಬಿಟ್ಟೆ. "ನಾಳೆ ಆಫೀಸಲ್ಲಿ ಎಲ್ಲರೂ ಇದನ್ನೇ ಮಾತಾಡ್ತಾರೆ ಮೇಡಂ, ಅಷ್ಟರಲ್ಲಿ ಮುಗಿಸ್ಬೇಕು" ಅಂದ.

ಮುಗಿಸಬೇಕಂತೆ. ಆ ಮಾತು ರಾತ್ರಿಯೆಲ್ಲ ಕೊರೆಯಿತು. ಪಾತ್ರೆ ತೊಳೆದು ಮುಗಿಸುತ್ತೇವೆ, ಬಿಲ್ ಕಟ್ಟಿ ಮುಗಿಸುತ್ತೇವೆ. ಕಥೆಯನ್ನೂ ಹಾಗೇ ಮುಗಿಸುವುದಾ? ಆ ತಾಯಿ ಬಾಗಿಲಲ್ಲಿ ಸುಮ್ಮನೆ ನಿಂತ ಆ ನಾಲ್ಕು ಕ್ಷಣಕ್ಕೇ ಅಲ್ವಾ ಆ ದೃಶ್ಯ ಇರೋದು?

ಸಿನಿಮಾ, ಸೀರಿಯಲ್ ನೋಡಬೇಡಿ ಅನ್ನುವವಳು ನಾನಲ್ಲ. ನನ್ನನ್ನು ಬಲ್ಲವರಿಗೆ ಅದು ಗೊತ್ತು. 1998ರಲ್ಲಿ ಚಂದನದಲ್ಲಿ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ಬರುವಾಗ ನಮ್ಮ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ದಿನಕ್ಕೆ ಒಂದೇ ಕಂತು. ಮುಂದೇನು ಅಂತ ಕಾಯಲೇಬೇಕು. ಆ ಕಾಯುವ ಹೊತ್ತಿನಲ್ಲೇ ಅಮ್ಮ ಮತ್ತು ಪಕ್ಕದ ಮನೆ ಆಂಟಿ ಕಾಂಪೌಂಡಿಗೆ ಒರಗಿ ಯಾರದು ತಪ್ಪು ಅಂತ ವಾದ ಮಾಡುತ್ತಿದ್ದರು. ಈಗ ಎಂಟು ಕಂತು ಒಟ್ಟಿಗೆ ಬಂದು ಬೀಳುತ್ತವೆ. ಸೋಮವಾರದೊಳಗೆ ಎಲ್ಲವನ್ನೂ ನೋಡಿರಬೇಕು.

ನೋಡದಿದ್ದರೆ ನಾಲ್ಕು ಜನರ ಜೊತೆ ಮಾತಾಡೋದು ಏನನ್ನ ಅಂತ ಕೇಳುತ್ತೀರಿ. ನಮ್ಮ ಆಫೀಸಿನಲ್ಲಿ ಊಟಕ್ಕೆ ಕೂತಾಗ ಬಂದು ಕೇಳಿಸಿಕೊಳ್ಳಿ. "ನೋಡಿದ್ರಾ?" "ನೋಡ್ದೆ." "ಸೂಪರ್ ಅಲ್ವಾ?" "ಸೂಪರ್." ಅಷ್ಟೇ. ತಕ್ಷಣ ಇನ್ನೊಂದರ ಹೆಸರು. ನೋಡದವರಿಗೆ ಮಾತ್ರ "ಅಯ್ಯೋ, ಇನ್ನೂ ನೋಡಿಲ್ವಾ?" ಅನ್ನುವ ಆ ಧ್ವನಿ. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ.

ಆ ಧ್ವನಿಗೆ ನಾನೂ ಹೆದರಿದ್ದೆ. 2020ರ ಲಾಕ್‌ಡೌನಿನಲ್ಲಿ ರಾತ್ರಿ ಎರಡರವರೆಗೆ ಕೂತು ಒಂದಾದ ಮೇಲೊಂದು ನೋಡಿದೆ. ಪಕ್ಕದ ಕೋಣೆಯಲ್ಲಿ ಅಪ್ಪ ಇದ್ದರು. "ಮಾಲ್ಗುಡಿ ಹಾಕ್ತೀಯೇನಮ್ಮ?" ಅಂತ ಆಗಾಗ ಕೇಳುತ್ತಿದ್ದರು. "ನಾಳೆ ಅಪ್ಪ" ಅನ್ನುತ್ತಿದ್ದೆ. ಮರುವರ್ಷ ಅಪ್ಪ ಹೋದರು. ಆ ರಾತ್ರಿಗಳಲ್ಲಿ ನೋಡಿದ ಒಂದರ ಕಥೆಯೂ ಇವತ್ತು ನನಗೆ ನೆನಪಿಲ್ಲ.

ಹೋದ ಭಾನುವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಮಾಲ್ಗುಡಿ ಡೇಸ್' ಹಾಕಿದೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ ಸುಮಾರು 40 ವರ್ಷವಾಯಿತು. ಶುರುವಿನ ಆ ಹಾಡು, ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳು, ಯಾವುದನ್ನೂ ಓಡಿಸಲಿಲ್ಲ. ಗಿರೀಶ್ ಕಾರ್ನಾಡ್ ಮಾಡಿದ ಅಪ್ಪನಿಗೆ ಮಾಸ್ಟರ್ ಮಂಜುನಾಥ್‌ನ ಸ್ವಾಮಿ ಹೆದರುವುದನ್ನು ನೋಡಿ ಮಗಳು "ಅಮ್ಮ, ತಾತನೂ ನಿನಗೆ ಹೀಗೇ ಬೈತಿದ್ರಾ?" ಅಂದಳು. ಟಿವಿ ನಿಲ್ಲಿಸಿದೆ. ಒಂದು ಗಂಟೆ ಹೊತ್ತು ಅಪ್ಪನ ಬಗ್ಗೆ ಹೇಳುತ್ತಾ ಹೋದೆ. ಅವರ ಸೈಕಲ್ಲು, ಕೋಪ, ಮಗ್ಗಿ ತಪ್ಪಿದರೆ ಕಿವಿ ಹಿಂಡುತ್ತಿದ್ದದ್ದು, ಎಲ್ಲ. ಅವಳು ಅದುವರೆಗೆ ಕೇಳಿರಲೇ ಇಲ್ಲ, ನಾನೂ ಹೇಳಿರಲಿಲ್ಲ.

ಆ ಕಂತು ಅರ್ಧಕ್ಕೇ ನಿಂತಿದೆ. ಈ ಭಾನುವಾರ ಅಲ್ಲಿಂದ ಮುಂದಕ್ಕೆ ನೋಡುತ್ತೇವೆ.