ನಮ್ಮ ಪ್ಲಾಂಟರ್ಸ್ ಕ್ಲಬ್ಬಿನಲ್ಲೇ ಗೆಸ್ಟ್ ಅಂತೆ ನಾನು!

ಚಿಟ್ ವಾಪಸ್ ತಂದ್ರು ರೀ. ಊಟದ ಲೆಕ್ಕ ನಮ್ಮ ಮೆಂಬರ್ ನಂಬರಿಗೆ ಬರೆಸೋಕೆ ನಾನು ಸೈನ್ ಹಾಕಿದ ಚಿಟ್. ಊಟ ಆಗಿ, ಕ್ಯಾರಮೆಲ್ ಕಸ್ಟರ್ಡ್ ತಿಂದು, ಎಲ್ಲರೂ ಇನ್ನೇನು ಏಳಬೇಕು ಅನ್ನುವಾಗ ಬೇರರ್ ಬಂದು ನನ್ನ ಕಿವಿ ಹತ್ರ ಬಗ್ಗಿ, "ಅಮ್ಮಾ, ಈ ನಂಬರ್ ಕ್ಲೋಸ್ ಆಗಿದೆಯಂತೆ" ಅಂದ. ಪಿಸುಮಾತಲ್ಲೇ ಹೇಳಿದ, ಪಾಪ. ಆದ್ರೆ ಆ ಡೈನಿಂಗ್ ಹಾಲ್‌ನಲ್ಲಿ ಪಿಸುಗುಟ್ಟಿದ್ದು ಕಾರ್ಡ್ ರೂಮಿನ ತನಕ ಕೇಳುತ್ತೆ ಅಂತ ಅಲ್ಲಿ ಊಟ ಮಾಡಿದ ಎಲ್ಲರಿಗೂ ಗೊತ್ತು.

ಆ ನಂಬರ್ ನನಗೆ ನಮ್ಮ ಮನೆ ಫೋನ್ ನಂಬರಿಗಿಂತ ಚೆನ್ನಾಗಿ ಬಾಯಿಪಾಠ. ಮದುವೆಯಾಗಿ ಬಂದ ವರ್ಷದಿಂದ ಬರೀತಿದ್ದೀನಿ. ನಮ್ಮ ಯಜಮಾನರು ಇರುವಾಗಲೂ ಚಿಟ್‌ಗೆ ಸೈನ್ ಹಾಕ್ತಿದ್ದದ್ದು ನಾನೇ. ಇವರು ಕನ್ನಡಕ ಮರೆತು ಬರೋರು.

ನಂಬರ್ ಕ್ಲೋಸ್ ಮಾಡಿದ್ದು ತಿಳಿಸಿರಲಿಲ್ವಾ ಅಂತೀರಾ? ಕಾಗದ ಬಂದಿತ್ತು. ಇವರ ವೈಕುಂಠ ಸಮಾರಾಧನೆ ಮುಗಿದ ಮೇಲೆ. ಮೊದಲ ಪ್ಯಾರಾದಲ್ಲಿ ಸಂತಾಪ, ಎರಡನೇ ಪ್ಯಾರಾದಲ್ಲಿ ಬಾಕಿ. ಬಾಕಿ ಕಟ್ಟಿದೆ. ಪೈಸೆ ಉಳಿಸದೆ ಕಟ್ಟಿದೆ. "ಅಕೌಂಟ್ ಸೆಟಲ್" ಅಂತ ರಸೀದಿನೂ ಕೊಟ್ರು. ಅದರ ಜೊತೆಗೇ ನನ್ನನ್ನೂ ಸೆಟಲ್ ಮಾಡಿಬಿಟ್ಟಿದ್ದಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನನ್ನ ಹತ್ರ ಇನ್ನೂ ಸ್ಪೌಸ್ ಕಾರ್ಡ್ ಇದೆ. ಫೋಟೋ ಹಾಕಿ ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದು. ವಾಪಸ್ ಕೊಡಿ ಅಂತಲೂ ಯಾರೂ ಕೇಳಲಿಲ್ಲ.

ಆವತ್ತು ಯಾರ ಮುಂದೆ ಅಂದ್ಕೊಂಡ್ರಿ? ತಂಗಿ ಮಗ, ಅವನ ಹೊಸ ಹೆಂಡತಿ. ಬೆಂಗಳೂರಿನ ಹುಡುಗಿ, ಮದುವೆಯಾದ ಮೇಲೆ ಮೊದಲನೇ ಸಲ ತೋಟಕ್ಕೆ ಬಂದಿರೋದು. ಮನೆಯಲ್ಲೇ ಕಡುಬು, ಕೋಳಿಸಾರು ಮಾಡಿ ಬಡಿಸಬಹುದಿತ್ತು. ಇಲ್ಲ, ನನಗೆ ಜಂಬ. "ಬಾರಮ್ಮ, ನಮ್ಮ ಕ್ಲಬ್ ತೋರಿಸ್ತೀನಿ" ಅಂತ ಕರ್ಕೊಂಡು ಹೋದೆ. ಮೈಸೂರು ಸಿಲ್ಕ್ ಉಟ್ಟು ಬೇರೆ ಹೋಗಿದ್ದೆ! ಇವರು ಹೋದ ಮೇಲೆ ಆ ಸೀರೆ ಕಪಾಟಿನಿಂದ ಹೊರಗೆ ಬಂದಿದ್ದು ಅವತ್ತೇ.

ಕ್ಯಾಶ್ ತಗೊಳ್ಳಪ್ಪ ಅಂದೆ. ಕ್ಯಾಶ್ ತಗೊಳ್ಳೋ ಹಾಗಿಲ್ಲ. ಮೆಂಬರ್ ಅಲ್ಲದವರ ಹತ್ರ ದುಡ್ಡು ತಗೊಂಡ್ರೆ ಕ್ಲಬ್ಬು ಹೋಟೆಲ್ ಆಗಿಬಿಡುತ್ತೆ. ಇದು ನನಗೂ ಗೊತ್ತಿರೋ ವಿಷಯವೇ. 2019ರಲ್ಲಿ ಕಲ್ಕತ್ತಾ ಕ್ಲಬ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಕ್ಲಬ್ಬೂ ಮೆಂಬರೂ ಬೇರೆ ಬೇರೆ ಅಲ್ಲ, ತನಗೆ ತಾನೇ ಮಾರಿಕೊಂಡ ಮೇಲೆ ತೆರಿಗೆ ಎಲ್ಲಿಂದ ಬರುತ್ತೆ ಅಂತ ಹೇಳಿದಾಗ ಇವರು ಪೇಪರ್ ಹಿಡ್ಕೊಂಡು ಅಡುಗೆಮನೆ ತನಕ ಬಂದು ಓದಿ ಹೇಳಿದ್ರು. ಏನು ಖುಷಿ! ಆಗ ತೆರಿಗೆಯವರ ಮುಂದೆ ಕ್ಲಬ್ಬೂ ಮೆಂಬರೂ ಒಂದೇ ಜೀವ. ಆ ಮೆಂಬರಿನ ಜೊತೆ ಜೀವಮಾನ ಸಂಸಾರ ಮಾಡಿದೋಳು ಮಾತ್ರ ಯಾರೋ.

ಅಷ್ಟರಲ್ಲಿ ಸೆಕ್ರೆಟರಿ ಬಂದ್ರು. ರಮ್ಮಿ ಟೇಬಲಿನಿಂದ ಎದ್ದು, ಎಲೆಗಳನ್ನ ಕೈಯಲ್ಲೇ ಹಿಡ್ಕೊಂಡು ಬಂದ್ರು. ಕೂತ್ಕೊಳ್ಳಲಿಲ್ಲ. "ಮೇಡಂ, ಎಂಬರಾಸ್ ಮಾಡೋಕೆ ಇಷ್ಟ ಇಲ್ಲ, ಬೈಲಾ ಹಾಗಿದೆ" ಅಂದ್ರು. ಬೈಲಾ ಅಂದ್ರೆ ಕ್ಲಬ್ಬಿನ ನಿಯಮ. ಈ ಸೆಕ್ರೆಟರಿಯ ಮದುವೆಯ ಬೀಗರೂಟಕ್ಕೆ ನಮ್ಮನೆ ಪಾತ್ರೆ ಹೋಗಿತ್ತು. ಆಗ ಅಕ್ಕ ಆಗಿದ್ದೋಳು ಈಗ ಮೇಡಂ. "ಯಾರಾದ್ರೂ ಮೆಂಬರ್ ನಿಮ್ಮನ್ನ ಗೆಸ್ಟ್ ಆಗಿ ಎಂಟ್ರಿ ಮಾಡಿಸಿಬಿಟ್ರೆ ಪ್ರಾಬ್ಲಂ ಸಾಲ್ವ್" ಅಂತ ಸುತ್ತ ನೋಡಿದ್ರು. ಸುತ್ತ ಇದ್ದವರೆಲ್ಲ ತಟ್ಟೆ ನೋಡಿದ್ರು.

ಕೊನೆಗೆ ಎದ್ದು ಬಂದಿದ್ದು ನಮ್ಮ ಯಜಮಾನರ ಸ್ನೇಹಿತ. ವಯಸ್ಸಲ್ಲಿ ಚಿಕ್ಕವನು, ಮೊದಲಿಂದಲೂ ನನ್ನನ್ನ ಅತ್ತಿಗೆ ಅಂತಾನೆ. "ಅಯ್ಯೋ ಬನ್ನಿ ಅತ್ತಿಗೆ, ಅದೇನು ದೊಡ್ಡ ವಿಷ್ಯ" ಅಂತ ರಿಸೆಪ್ಷನ್‌ಗೆ ಕರ್ಕೊಂಡು ಹೋದ. ಒಳ್ಳೆ ಮನುಷ್ಯ. ಆ ಒಳ್ಳೇತನವನ್ನೇ ನನ್ನಿಂದ ಸಹಿಸೋಕಾಗಲಿಲ್ಲ.

ಗೆಸ್ಟ್ ರಿಜಿಸ್ಟರ್ ನೋಡಿದ್ದೀರಾ? ಉದ್ದದ ಕೆಂಪು ಬಟ್ಟೆಯ ಬೈಂಡಿಂಗ್, ದಾರದಲ್ಲಿ ಕಟ್ಟಿಟ್ಟ ಪೆನ್ನು. ಮೆಂಬರ್ ನಂಬರ್, ಗೆಸ್ಟ್ ಹೆಸರು, ಊರು, ಟೈಮು, ಸಂಬಂಧ. ನನ್ನ ಹೆಸರು ಬರೆದ. ಊರು ಅಂತಿರೋ ಕಡೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಊರು ಇದೇ ಕಣಪ್ಪ, ಕಾರಲ್ಲಿ ಹೋದ್ರೆ ಕಾಲು ಗಂಟೆ, ನಿನಗೆ ಗೊತ್ತಿಲ್ವಾ? ಬರೆದ. ಆಮೇಲೆ ಸಂಬಂಧ. ಅಲ್ಲಿ ಮತ್ತೆ ನಿಂತ. ಅತ್ತಿಗೆ ಅಂತ ಬರೀತಾನೇನೋ ಅಂದ್ಕೊಂಡೆ, ದೇವರಾಣೆಗೂ. ಅವನೂ ಬರೆಯೋನೇ ಇದ್ದ ಅನ್ಸುತ್ತೆ. ಕೌಂಟರ್‌ನಲ್ಲಿ ಹೊಸದಾಗಿ ಸೇರಿದ ಹುಡುಗ ಒಬ್ಬ, ಕಂಪ್ಯೂಟರಿನಿಂದ ಕಣ್ಣೂ ಎತ್ತದೆ, "ಸರ್, ಬ್ಲಡ್ ರಿಲೇಷನ್ ಅಲ್ಲ ಅಂದ್ರೆ ಅದರ್ಸ್ ಅಂತ ಹಾಕಿ" ಅಂದ. ಹಾಕಿದ. ನನ್ನ ಕೆಳಗಿನ ಸಾಲಿನಲ್ಲಿ ತಂಗಿ ಮಗ, ಅದರ ಕೆಳಗೆ ಸೊಸೆ. ಮೂರು ಜನ ಅದರ್ಸ್. ಎರಡು ಸಾಲು ಬರೆಯೋಕೆ ಸೋಮಾರಿತನ ಅಂತ ಡಿಟ್ಟೋ ಗುರುತು ಹಾಕಿದ.

ನಾನು ಎಲ್ಲಿ ನಿಂತಿದ್ದೆ ಅಂತ ಹೇಳಲಾ? ಆ ಕೌಂಟರಿನ ಮೇಲೆಯೇ ಮಾಜಿ ಅಧ್ಯಕ್ಷರ ತೇಗದ ಬೋರ್ಡು. ಮೊದಲ ಕಾಲಮ್ಮು ಪೂರ್ತಿ ದೊರೆಗಳ ಹೆಸರು, ಎರಡನೆಯದರಿಂದ ನಮ್ಮವರು. ಬಂಗಾರದ ಬಣ್ಣದ ಅಕ್ಷರ. ಅದರಲ್ಲಿ ಇವರ ಹೆಸರಿದೆ, ಎರಡು ಸಲ. ಆ ಹುಡುಗಿ ಒಳಗೆ ಬರುವಾಗ ಅದರದ್ದೇ ಫೋಟೋ ತೆಗೆದಿದ್ಲು. ಈಗ ಅದರ ಕೆಳಗೇ ನಿಂತು, ಮೆಲ್ಲಗೆ, "ದೊಡ್ಡಮ್ಮ, ನಾವು ಬರಬಾರದಿತ್ತಾ?" ಅಂತ ಕೇಳಿದ್ಲು. ಏನು ಹೇಳ್ಲಿ? "ಸಿಸ್ಟಂ ಪ್ರಾಬ್ಲಂ ಕಣಮ್ಮ" ಅಂದೆ. ಬ್ಯಾಂಕಿನವರು ಹೇಳೋ ಹಾಗೆ.

ಹೋಗ್ಲಿ ಬಿಡಿ. ಏನಿದೆ ಅಲ್ಲಿ? ಒಂದು ಹಳೇ ಬಂಗಲೆ, ಸೋರೋ ಹಂಚು, ಗೋಡೆ ಮೇಲೆ ಹುಳ ಹಿಡಿದ ಕಾಡುಕೋಣದ ತಲೆ ಒಂದು, ಯಾರೂ ಆಡದ ಬಿಲಿಯರ್ಡ್ಸ್ ಟೇಬಲ್, ಹೆಂಗಸರು ಕಾಲಿಡಬಾರದ ಮೆನ್ಸ್ ಬಾರ್. ನನಗೆ ಬೇಕಾಗೇ ಇಲ್ಲ. ತೋಟದಲ್ಲಿ ಕೆಲಸ ಇಲ್ವಾ ನನಗೆ? ಕಾಳುಮೆಣಸು ಕುಯ್ಲು ಮುಗಿದಿಲ್ಲ, ಆಳಿಲ್ಲ, ಆನೆ ಬೇರೆ.

ಬೇಕಾಗಿಲ್ಲ ಅಂದ್ರೆ ಯಾಕೆ ಈ ರಾತ್ರಿಯಲ್ಲಿ ಇದನ್ನ ಬರೀತಾ ಕೂತಿದ್ದೀನಿ? ಆ ಸೋರೋ ಹಂಚನ್ನ ಹಿಂದೆ ಒಂದು ಸಲ ಬದಲಾಯಿಸಿದ್ದು ಇವರ ಕಾಲದಲ್ಲಿ, ನಮ್ಮ ತೋಟದ ಆಳುಗಳ ಕೈಯಲ್ಲಿ. ಕ್ಲಬ್ ಡೇ ದಿನ ಕುಕ್ಕು ಕುಡಿದು ಮಲಗಿದಾಗ ಅಷ್ಟೂ ಜನಕ್ಕೆ ಅಕ್ಕಿ ರೊಟ್ಟಿ ತಟ್ಟಿದ್ದು ನಾನು, ಇನ್ನಿಬ್ಬರು ಹೆಂಗಸರು. ಪರದೆ ಹೊಲಿಸಿದ್ದು, ಕ್ರಿಸ್‌ಮಸ್‌ಗೆ ಮಕ್ಕಳ ಪಾರ್ಟಿ ಮಾಡಿದ್ದು ನಾವು. ವರ್ಷಾನುಗಟ್ಟಲೆ ಟಂಬೋಲಾ ನಂಬರ್ ಕೂಗಿದ್ದು ನಾನು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈಕ್ ಹಿಡಿದು, "ಟೂ ಫ್ಯಾಟ್ ಲೇಡೀಸ್, ಎಯ್ಟಿ ಎಯ್ಟ್" ಅಂತ ಇಂಗ್ಲಿಷಿನಲ್ಲಿ ಕಿರುಚ್ತಿದ್ದೆ. ಎಂಥ ಬೆಪ್ಪಿ ನಾನು! ಅಷ್ಟು ವರ್ಷ ಮೈಕ್ ಕೈಯಲ್ಲಿತ್ತು, ವೋಟು ಇದೆಯಾ ಅಂತ ಒಂದು ಸಲನೂ ಕೇಳ್ಕೊಳ್ಳಲಿಲ್ಲ.

ಇತಿಹಾಸ ಹೇಳೋದ್ರಲ್ಲಿ ಈ ಕ್ಲಬ್ಬಿನವರನ್ನೆಲ್ಲ ಮೀರಿಸೋಕಾಗಲ್ಲ. ಬಿಳಿಯರು ನಮ್ಮವರನ್ನ ಒಳಗೆ ಬಿಡ್ತಿರಲಿಲ್ಲ, ಅದಕ್ಕೇ ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಲ್ಲಿ ಸೆಂಚುರಿ ಕ್ಲಬ್ ಕಟ್ಟಿದ್ರು ಅಂತ ಪ್ರತಿ ಆಗಸ್ಟ್ 15ಕ್ಕೆ ಭಾಷಣ. ಹಾಗೆ ಹೊರಗೆ ನಿಂತವರ ಮೊಮ್ಮಕ್ಕಳು ಈಗ ಒಳಗೆ ಕೂತು ಯಾರನ್ನ ಹೊರಗೆ ನಿಲ್ಲಿಸಬಹುದು ಅಂತ ಬೈಲಾ ಹುಡುಕ್ತಾರೆ. ಇನ್ನೊಂದು ಕಥೆ, ಬೆಂಗಳೂರು ಕ್ಲಬ್ಬಿನದು. 1899ರ ಜೂನ್ 1ರ ಕಡತದಲ್ಲಿ ಬಾಕಿದಾರರ ಪಟ್ಟಿ ಇದೆ, ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರು, ಮುಂದೆ ಬ್ರಿಟನ್ನಿನ ಪ್ರಧಾನಿ ಆದ್ರಲ್ಲ ಅವರೇ, 13 ರೂಪಾಯಿ ಬಾಕಿ. ಅದನ್ನ ಜೋಪಾನವಾಗಿ ಇಟ್ಟಿದ್ದಾರೆ, ಬಂದವರಿಗೆ ಹೆಮ್ಮೆಯಿಂದ ತೋರಿಸ್ತಾರೆ. ನಮ್ಮ ಸೆಕ್ರೆಟರಿಗೂ ಇದನ್ನ ಹೇಳೋದಂದ್ರೆ ಪ್ರಾಣ. ಸಾಲ ಇಟ್ಟು ಹೋದ ದೊರೆಗೆ ಇನ್ನೂ ಮರ್ಯಾದೆ. ಸಾಲ ತೀರಿಸಿದ ನನಗೆ ರಿಜಿಸ್ಟರ್‌ನಲ್ಲಿ ಡಿಟ್ಟೋ ಹಾಕಿಸೋ ಭಾಗ್ಯ. ನಾನೂ ಬಾಕಿ ಉಳಿಸಿಕೊಂಡಿದ್ರೆ ನೋಟಿಸ್ ಬೋರ್ಡಿನ ಡಿಫಾಲ್ಟರ್ ಲಿಸ್ಟಿನಲ್ಲಾದ್ರೂ ನಮ್ಮ ನಂಬರ್ ಜೀವಂತ ಇರೋದು!

ತಾಲ್ಲೂಕು ಆಫೀಸನ್ನ ಎಷ್ಟು ಬೈತೀವಿ ನಾವು. ಅಲ್ಲಿ ನನಗೆ ಪೌತಿ ಖಾತೆ ಆಯ್ತು. ವಂಶವೃಕ್ಷ ಕೊಟ್ಟೆ, ಮರಣ ಪ್ರಮಾಣಪತ್ರ ಕೊಟ್ಟೆ, ಓಡಾಡಿದೆ, ಒಂದು ದಿನ ಪಹಣಿಯಲ್ಲಿ ನನ್ನ ಹೆಸರು ಬಂತು. ಬ್ಯಾಂಕ್ ಲಾಕರ್, ಗ್ಯಾಸ್ ಕನೆಕ್ಷನ್, ಪಂಪ್‌ಸೆಟ್ಟಿನ ಮೀಟರ್ ಎಲ್ಲಾ ನನ್ನ ಹೆಸರಿಗೆ ಆಯ್ತು. ತೋಟ ನನ್ನದು, ತೋಟದ ಸಾಲವೂ ನನ್ನದು. ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಪ್ಲಾಂಟರ್ ಅಂದ್ರೆ ಯಾರು ಹಾಗಾದ್ರೆ?

ಬೈಲಾ ಏನು ಹೇಳುತ್ತಂತೆ ಕೇಳಿ. ಮೆಂಬರ್ ತೀರಿಕೊಂಡ್ರೆ ಸ್ಪೌಸ್ ಸವಲತ್ತೂ ಅವರ ಜೊತೆಗೇ ಹೋಗುತ್ತೆ. ಬೇಕಿದ್ರೆ ಹೊಸದಾಗಿ ಅರ್ಜಿ ಹಾಕಬೇಕು. ಹೆಸರು ಸೂಚಿಸೋಕೆ ಪ್ರೊಪೋಸರ್ ಬೇಕು, ಅನುಮೋದಿಸೋಕೆ ಸೆಕೆಂಡರ್ ಬೇಕು, ನೋಟಿಸ್ ಬೋರ್ಡಿನಲ್ಲಿ ಫೋಟೋ ಹಾಕ್ತಾರೆ, ಆಮೇಲೆ ಬ್ಯಾಲೆಟ್, ಅಂದ್ರೆ ಮೆಂಬರುಗಳ ಗುಟ್ಟಿನ ವೋಟು. ಎಂಟ್ರೆನ್ಸ್ ಫೀಸು ಲಕ್ಷಗಳಲ್ಲಿ. ನಮ್ಮೂರಲ್ಲಿ ಬ್ಯಾಲೆಟ್ ಅಂದ್ರೆ ಏನು ಅಂತ ಗೊತ್ತಲ್ಲ? ಬೇಲಿ ಜಗಳ, ದಾರಿ ಜಗಳ, ಎಲೆಕ್ಷನ್‌ನಲ್ಲಿ ಯಾರ ಕಾರಲ್ಲಿ ಹೋದ್ರು ಅನ್ನೋದು, ಎಲ್ಲಾ ಆ ಡಬ್ಬಿಯೊಳಗೆ ಬೀಳುತ್ತೆ. ಎದುರಿಗೆ "ಅಕ್ಕ, ಊಟಕ್ಕೆ ಬನ್ನಿ" ಅನ್ನೋನು ಒಳಗೆ ಹೋಗಿ ಬೇಡ ಅನ್ನೋ ಕರಿಗುಂಡು ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?

ಆದ್ರೆ ಮಗನಿಗೆ ಈ ತಾಪತ್ರಯ ಇಲ್ಲ! ಮೆಂಬರ್ ಮಕ್ಕಳಿಗೆ ಆದ್ಯತೆ, ಫೀಸಿನಲ್ಲೂ ರಿಯಾಯಿತಿ. ಅವನಿರೋದು ಟೊರೊಂಟೊದಲ್ಲಿ. ಎರಡು ವರ್ಷಕ್ಕೊಂದು ಸಲ ಬಂದ್ರೆ ಕ್ಲಬ್ಬಿಗೆ ಬಾರೋ ಅಂದ್ರೂ ಬರಲ್ಲ, ಬೋರ್ ಅಂತಾನೆ. "ಅವನನ್ನ ಮೆಂಬರ್ ಮಾಡಿಸಿ ಮೇಡಂ, ಆಗ ನೀವು ಡಿಪೆಂಡೆಂಟ್ ಪೇರೆಂಟ್ ಆಗಿ ಬರಬಹುದು" ಅಂತ ಸಲಹೆ ಬೇರೆ ಕೊಟ್ರು ಸೆಕ್ರೆಟರಿ. ಡಿಪೆಂಡೆಂಟ್! ಆ ಹುಡುಗನ ಓದಿನ ಸಾಲ ಕಟ್ಟಿದ್ದು ಯಾರು?

ರೋಟರಿ, ಲಯನ್ಸ್ ಇಲ್ವಾ, ಅಲ್ಲಿಗೆ ಹೋಗಿ ಅಂದ್ಲು ಪಕ್ಕದ ತೋಟದೋಳು. ಅಲ್ಲಿರೋದೂ ಇದೇ ಜನ ತಾನೇ. ಸೋಮವಾರ ರೊಟೇರಿಯನ್, ಬುಧವಾರ ಲಯನ್, ಶನಿವಾರ ನಮ್ಮ ಕ್ಲಬ್ಬಿನ ಕಮಿಟಿ, ಅದೇ ಸಫಾರಿ ಸೂಟು, ಬ್ಯಾಡ್ಜ್ ಮಾತ್ರ ಬೇರೆ. ಹೆಂಗಸರಿಗೆ ಇನ್ನರ್ ವೀಲ್, ಲಯನೆಸ್, ಜೇಸಿರೆಟ್ ಅಂತ ಒಂದೊಂದು ಬಾಲ ಕಟ್ಟಿಟ್ಟಿದ್ರು. ಆದ್ರೂ ನ್ಯಾಯವಾಗಿ ಹೇಳ್ಬೇಕು: ಲಯನ್ಸ್‌ನವರು 1987ರಲ್ಲೇ ಹೆಂಗಸರನ್ನ ಮೆಂಬರ್ ಮಾಡ್ಕೊಳ್ಳೋಕೆ ಶುರುಮಾಡಿದ್ರು, ರೋಟರಿಯವರು 1989ರಲ್ಲಿ, ಅದೂ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತ ಮೇಲೆ. ಹಾಗಾದ್ರೆ ನಮ್ಮ ಕ್ಲಬ್ಬಿಗೂ ಕೋರ್ಟೇ ಬೇಕಾ? ಆ ವಯಸ್ಸು ನನಗಿಲ್ಲ. ಇದೆ ಅಂದ್ರೂ ಇದೆ. ಗೊತ್ತಿಲ್ಲ.

ಯಾರಾದ್ರೂ ಹೇಳಿ ನನಗೆ. ಕೊಡಗಿನ ಕಡೆಯವರು, ಚಿಕ್ಕಮಗಳೂರಿನವರು, ಸಕಲೇಶಪುರದವರು, ಮಂಗಳೂರಿನವರು, ಯಾರಾದ್ರೂ. ನಿಮ್ಮ ಕ್ಲಬ್ಬಿನಲ್ಲಿ ಗಂಡ ಹೋದ ಮೇಲೆ ಹೆಂಡತಿ ಹೆಸರಿಗೆ ಮೆಂಬರ್‌ಶಿಪ್ ಹಾಗೇ ವರ್ಗ ಆಗುತ್ತಾ? ಹಾಗಿದ್ರೆ ಬೈಲಾದ ಆ ಪುಟ ಒಂದು ಫೋಟೋ ತೆಗೆದು ಕಳಿಸಿ. ಬೈಲಾ ತಿದ್ದುಪಡಿಗೆ ವಾರ್ಷಿಕ ಸಭೆಯಲ್ಲಿ ಎಷ್ಟು ಜನರ ಸಹಿ ಬೇಕು, ಸೊಸೈಟಿ ರಿಜಿಸ್ಟ್ರಾರ್ ಹತ್ರ ಹೋದ್ರೆ ಏನಾದ್ರೂ ಆಗುತ್ತಾ, ಗೊತ್ತಿದ್ದವರು ಹೇಳಿ. "ಬಿಟ್ಟಾಕಿ ಅಕ್ಕ, ಟೆನ್ಷನ್ ತಗೋಬೇಡಿ" ಅನ್ನೋರು ದಯವಿಟ್ಟು ಏನೂ ಹೇಳಬೇಡಿ. ಅದನ್ನ ನಾನೇ ನನಗೆ ಹೇಳ್ಕೊಂಡು ಸುಸ್ತಾಗಿದೆ.

ಇನ್ನೊಂದು. ಆ ಊಟದ ಬಿಲ್ಲು 2,340 ರೂಪಾಯಿ ಆ ಸ್ನೇಹಿತನ ಅಕೌಂಟಿಗೆ ಹೋಯ್ತಲ್ಲ, ಮನೆಗೆ ಬಂದ ತಕ್ಷಣ ಫೋನ್‌ಪೇ ಮಾಡಿದೆ. "ಛೆ, ಏನತ್ತಿಗೆ ಇದು" ಅಂತ ವಾಪಸ್ ಹಾಕಿದ. ಮತ್ತೆ ಕಳಿಸಿದೆ. ಮತ್ತೆ ಹಾಕಿದ, ಕೈ ಮುಗಿಯೋ ಚಿತ್ರ ಬೇರೆ ಜೊತೆಗೆ. ಈಗ ಇದನ್ನ ಬರೀತಿರುವಾಗಲೇ ಟಿಂಗ್ ಅಂತು, ಮತ್ತೆ ಬಂದಿದೆ ಅದೇ 2,340. ನಾಳೆ ಬೆಳಿಗ್ಗೆ ತೋಟದ ಲೆಕ್ಕ ಬರೆಯೋ ರೈಟರ್ ಕೈಯಲ್ಲಿ ಕವರಿನಲ್ಲಿ ಕ್ಯಾಶ್ ಕಳಿಸ್ತೀನಿ, ರಸೀದಿ ಬರೆಸಿಕೊಂಡೇ ಬಾ ಅಂತ ಹೇಳಿದ್ದೀನಿ. ರಸೀದಿಯಲ್ಲಿ ಸಂಬಂಧ ಏನು ಬೇಕಾದ್ರೂ ಹಾಕ್ಕೊಳ್ಳಲಿ.